ಎದೆಬಡಿತಕ್ಕೊಂದು ರನ್‌ಬುಕ್

ಈ ಅಂಕಣದಲ್ಲಿ ಇಎಂಐ ಬಗ್ಗೆ ಬರೆದಿದ್ದೇನೆ, ಪಿಜಿ ಊಟದ ಬಗ್ಗೆ ಬರೆದಿದ್ದೇನೆ, ಕೇಳಿದ ರಜೆಯನ್ನು ಕೊಟ್ಟ ಹಾಗೂ ಮಾಡಿ ಕೊಡದಿರುವ ಮ್ಯಾನೇಜರ್‌ಗಳ ಕಲೆಯ ಬಗ್ಗೆ ಎರಡು ಕಂತು ಬರೆದಿದ್ದೇನೆ. ಹತ್ತು ತಿಂಗಳಿಂದ ಬರೀಬೇಕು ಅಂತ ಕೂತು, ಪ್ರತಿ ಸಲವೂ ಬೇರೆ ವಿಷಯಕ್ಕೆ ಹಾರಿದ್ದ ಸಂಗತಿ ಒಂದು ಉಳಿದಿತ್ತು. 2025ರ ಏಪ್ರಿಲ್‌ನಲ್ಲಿ ನನಗೆ ಏಟ್ರಿಯಲ್ ಫಿಬ್ರಿಲೇಷನ್ ಇದೆ ಅಂತ ಗೊತ್ತಾಯಿತು. ಡಾಕ್ಟರುಗಳು ಚಿಕ್ಕದಾಗಿ ಎಫಿಬ್ ಅಂತಾರೆ. ಕನ್ನಡದಲ್ಲಿ ಹೃತ್ಕರ್ಣದ ಕಂಪನ ಅನ್ನಬಹುದು. ನನಗೆ 31 ವರ್ಷ. ಸಿಗರೇಟಿಲ್ಲ, ಶುಗರ್ ಇಲ್ಲ, ತೂಕ ಮಾತ್ರ ಸ್ವಲ್ಪ ಜಾಸ್ತಿ.

ಕಾಯಿಲೆಯ ಬಗ್ಗೆ ತಿಳಿದುಕೊಳ್ಳೋದು ಕಷ್ಟವಾಗಲಿಲ್ಲ. ಓದೋಕೆ ಬೇಕಾದಷ್ಟಿದೆ. ಅದರ ಜೊತೆಗೆ ಬಂದ ಭಯವನ್ನು ಏನು ಮಾಡಬೇಕು ಅಂತ ಮಾತ್ರ ಯಾರೂ ಪ್ರಿಸ್ಕ್ರಿಪ್ಷನ್‌ನಲ್ಲಿ ಬರೆದುಕೊಡಲಿಲ್ಲ. ಇವತ್ತಿನ ಕಂತು ಅದರ ಬಗ್ಗೆ.

ಆವತ್ತು ಏನಾಯ್ತು ಅಂತ ಬೇಗ ಹೇಳಿಬಿಡ್ತೀನಿ. ರಾತ್ರಿ ಎರಡೂವರೆಗೆ ಎಚ್ಚರವಾಯಿತು. ಗೋಣಿಚೀಲದಲ್ಲಿ ಕಟ್ಟಿಹಾಕಿದ ಕೋಳಿ ಒದ್ದಾಡುವ ಹಾಗೆ ಎದೆಯೊಳಗೆ ಏನೋ ಒದ್ದಾಡುತ್ತಿತ್ತು. ನೋವಿಲ್ಲ. ಓಡಿ ಬಂದಾಗ ಎದೆ ಜೋರಾಗಿ ಬಡಿಯೋದು ನಮಗೆಲ್ಲ ಗೊತ್ತು, ಇದು ಹಾಗಲ್ಲ. ನಾಲ್ಕು ಬಡಿತ ಒಟ್ಟಿಗೆ, ಒಂದು ಖಾಲಿ, ಮತ್ತೆ ಎರಡು, ಆಮೇಲೆ ಒಂದೇ ಉಸಿರಿಗೆ ಆರು. ರೂಮ್‌ಮೇಟ್ ಸ್ಕೂಟರಿನಲ್ಲಿ ಕೂರಿಸಿಕೊಂಡು ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋದ. ಇಸಿಜಿ ಕಾಗದ ಹೊರಗೆ ಬರುತ್ತಿದ್ದ ಹಾಗೆ ನಾನು ಡ್ಯೂಟಿ ಡಾಕ್ಟರ್ ಮುಖ ನೋಡುತ್ತಿದ್ದೆ. ಅವರು ಕಾಗದ ನೋಡಿ ಕೇಳಿದ್ದು, "ಇವತ್ತು ಏನಾದ್ರೂ ಕುಡಿದಿದ್ರಾ?" ಇಲ್ಲ ಅಂದೆ. ಹೃದಯ ನಿಮಿಷಕ್ಕೆ 148 ಸಲ ಬಡಿಯುತ್ತಿತ್ತು. ಕೈಗೆ ಸೂಜಿ ಚುಚ್ಚಿ ಔಷಧಿ ಹಾಕಿದರು. ಬೆಳಗ್ಗೆ 7:20ಕ್ಕೆ, ಹೋಗಿದ್ದ ಕರೆಂಟು ಬಂದ ಹಾಗೆ, ಎಲ್ಲ ಸರಿಹೋಯಿತು.

ಆಮೇಲೆ ಎಕೋ, ಥೈರಾಯ್ಡ್, ಪೊಟ್ಯಾಷಿಯಂ, 24 ಗಂಟೆ ಎದೆಗೆ ವೈರು ಅಂಟಿಸಿಕೊಂಡು ಓಡಾಡುವ ಹೋಲ್ಟರ್. ಎಲ್ಲವೂ ನಾರ್ಮಲ್. "ಹೃದಯದ ರಚನೆ ಚೆನ್ನಾಗಿದೆ, ಕವಾಟ ಚೆನ್ನಾಗಿದೆ. ಇದು ನಾಳೆ ಬರಬಹುದು, ಐದು ವರ್ಷ ಬಿಟ್ಟು ಬರಬಹುದು," ಅಂದರು ಹೃದ್ರೋಗ ತಜ್ಞರು. ಅವರು ಅದನ್ನು ಸಮಾಧಾನ ಮಾಡೋಕೆ ಹೇಳಿದ್ದು. ನನಗೆ ಮಾತ್ರ 'ನಾಳೆ' ಅನ್ನುವ ಪದವೊಂದೇ ಕೇಳಿಸಿತ್ತು.

ಹೃದಯದ ಬಲಗಡೆಯ ಮೇಲಿನ ಕೋಣೆಯಲ್ಲಿ ಸೈನಸ್ ನೋಡ್ ಅನ್ನೋ ಜೀವಕೋಶಗಳ ಒಂದು ಪುಟ್ಟ ಗುಂಪು ಇದೆ. ಅದೇ ತಾಳ ಹಾಕುವ ಕೈ. ಅದು ಕೊಟ್ಟ ವಿದ್ಯುತ್ ಸಂಕೇತ ಮೇಲಿನ ಎರಡು ಕೋಣೆಗಳಲ್ಲಿ, ಅಂದರೆ ಹೃತ್ಕರ್ಣಗಳಲ್ಲಿ, ಹರಡಿ ನಡುವಿನ ಒಂದು ಕಿರುದಾರಿಯಿಂದ ಕೆಳಗಿನ ಹೃತ್ಕುಕ್ಷಿಗಳಿಗೆ ಇಳಿಯುತ್ತೆ. ಎಫಿಬ್ ಬಂದಾಗ ಮೇಲಿನ ಕೋಣೆಗಳಲ್ಲಿ ನಿಮಿಷಕ್ಕೆ 350ರಿಂದ 600ರವರೆಗೆ ಅಡ್ಡಾದಿಡ್ಡಿ ಸಂಕೇತಗಳು ಓಡಾಡುತ್ತವೆ. ಆ ಕೋಣೆಗಳು ಬಡಿಯೋದನ್ನು ಬಿಟ್ಟು ನಡುಗುತ್ತವೆ. ಪುಣ್ಯಕ್ಕೆ ನಡುವಿನ ಕಿರುದಾರಿ ಎಲ್ಲವನ್ನೂ ಕೆಳಗೆ ಬಿಡೋದಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಅದೊಂದು ರೇಟ್ ಲಿಮಿಟರ್. ಬಂದ ರಿಕ್ವೆಸ್ಟ್‌ಗಳಲ್ಲಿ ಕೆಲವನ್ನಷ್ಟೇ, ಅದೂ ಯಾವ ಲೆಕ್ಕಕ್ಕೂ ಸಿಗದ ಅಂತರದಲ್ಲಿ, ಕೆಳಗೆ ಬಿಡುತ್ತೆ. ಅದಕ್ಕೇ ನಾಡಿ ಬರೀ ಜೋರಾಗಿರಲ್ಲ, ಅದಕ್ಕೆ ತಾಳವೇ ಇರಲ್ಲ.

ಇದು ಹಾರ್ಟ್ ಅಟ್ಯಾಕ್ ಅಲ್ಲ. ಅಟ್ಯಾಕ್ ಅಂದ್ರೆ ಹೃದಯದ ಸ್ನಾಯುವಿಗೆ ರಕ್ತ ಕೊಡುವ ಕೊಳವೆ ಕಟ್ಟಿಕೊಳ್ಳೋದು, ಪ್ಲಂಬಿಂಗ್ ಸಮಸ್ಯೆ. ನನ್ನದು ವೈರಿಂಗ್ ಸಮಸ್ಯೆ. ಈ ವ್ಯತ್ಯಾಸವನ್ನು ನಮ್ಮ ನೆಂಟರಿಗೆಲ್ಲ ಕನಿಷ್ಠ ಮೂವತ್ತು ಸಲ ಹೇಳಿದ್ದೇನೆ. ಮೂವತ್ತೊಂದನೇ ಸಲವೂ ಯಾರೋ ಬೆಳ್ಳುಳ್ಳಿ ಕಷಾಯದ ವಿಡಿಯೊ ಕಳಿಸಿದರು.

ಆದರೆ ಎಫಿಬ್‌ನಲ್ಲಿ ನಿಜವಾಗಿ ಹೆದರಬೇಕಾದ ಒಂದು ಸಂಗತಿ ಇದೆ. ನಡುಗುವ ಕೋಣೆಯ ಮೂಲೆಯಲ್ಲಿ ರಕ್ತ ನಿಂತು ಗರಣೆ ಕಟ್ಟಬಹುದು. ಅದು ಅಲ್ಲಿಂದ ಹೊರಟು ಮೆದುಳಿನ ರಕ್ತನಾಳಕ್ಕೆ ಸಿಕ್ಕಿಹಾಕಿಕೊಂಡರೆ ಲಕ್ವ. ಎಫಿಬ್ ಇರುವವರಲ್ಲಿ ಈ ಅಪಾಯ ಸುಮಾರು ಐದು ಪಟ್ಟು ಅಂತ ಎಲ್ಲ ಕಡೆ ಬರೆದಿರ್ತಾರೆ. ನಮ್ಮ ಅಜ್ಜಿ ಲಕ್ವ ಹೊಡೆದು ನಾಲ್ಕು ವರ್ಷ ಮಂಚದಲ್ಲಿ ಮಲಗಿದ್ದರು. ಬಲಗೈ ಹೋಗಿತ್ತು, ಮಾತು ಹೋಗಿತ್ತು, ನನ್ನನ್ನು ನೋಡಿ ಬರೀ "ಬಾ ಬಾ" ಅನ್ನೋರು. ಅವರ ಹೃದಯದಲ್ಲಿ ಏನಿತ್ತು ಅಂತ ಆಗ ಯಾರೂ ನೋಡಲಿಲ್ಲ, ಈಗ ಗೊತ್ತಾಗೋದೂ ಇಲ್ಲ. ಆದರೆ 'ಐದು ಪಟ್ಟು' ಅಂತ ಓದಿದ ಕೂಡಲೇ ನನಗೆ ಕಂಡದ್ದು ಆ ಮಂಚ.

ಮುಂದಿನ ಭೇಟಿಯಲ್ಲಿ ಡಾಕ್ಟರ್ ಆ ಐದು ಪಟ್ಟನ್ನು ಬಿಡಿಸಿ ಹೇಳಿದರು. ಎಫಿಬ್ ಬರುವವರಲ್ಲಿ ಬಹಳ ಮಂದಿ ವಯಸ್ಸಾದವರು, ಬಿಪಿ ಶುಗರ್ ಇರುವವರು. ಆ ಸರಾಸರಿಯನ್ನು ತಂದು ನನಗೆ ಅಂಟಿಸೋಕಾಗಲ್ಲ. ಅದಕ್ಕೆ ಒಂದು ಅಂಕಪಟ್ಟಿ ಇದೆ. ಹೃದಯ ವೈಫಲ್ಯ, ಬಿಪಿ, ಶುಗರ್, ಹಿಂದೆ ಲಕ್ವ ಹೊಡೆದಿದ್ದರೆ, ರಕ್ತನಾಳದ ಕಾಯಿಲೆ, 65 ದಾಟಿದ ವಯಸ್ಸು, ಹೀಗೆ ಒಂದೊಂದಕ್ಕೂ ಅಂಕ. ಅಂಕ ಹೆಚ್ಚಿದ್ದವರಿಗೆ ರಕ್ತ ತೆಳುವಾಗಿಸುವ ಮಾತ್ರೆ ಬೇಕೇ ಬೇಕು, ಅದು ಜೀವ ಉಳಿಸುತ್ತೆ. ನನಗೆ ಬಂದಿದ್ದು ಸೊನ್ನೆ, ಹಾಗಾಗಿ ಸದ್ಯಕ್ಕೆ ಆ ಮಾತ್ರೆ ಬೇಡ. ಮೂರನೇ ಸೆಮಿಸ್ಟರ್ ಗಣಿತದ ಇಂಟರ್ನಲ್ಸ್ ಆದಮೇಲೆ ನಾನು ಕಂಡ ಮೊದಲ ಸೊನ್ನೆ, ಮತ್ತು ಖುಷಿಪಟ್ಟ ಮೊದಲ ಸೊನ್ನೆ. ಒಂದು ಮಾತು: ನಮ್ಮ ದೇಶದಲ್ಲಿ ಚಿಕ್ಕ ವಯಸ್ಸಿನ ಎಫಿಬ್‌ಗೆ ಬಾಲ್ಯದಲ್ಲಿ ಬಂದ ರುಮ್ಯಾಟಿಕ್ ಜ್ವರದಿಂದ ಹಾಳಾದ ಕವಾಟವೂ ದೊಡ್ಡ ಕಾರಣ. ಅಂಥವರಿಗೆ ಈ ಅಂಕಪಟ್ಟಿ ಅನ್ವಯಿಸೋದೇ ಇಲ್ಲ. ಅದಕ್ಕೇ ಎಕೋ ಮಾಡಿಸದೆ ಯಾರೂ ತಮಗೆ ತಾವೇ ಅಂಕ ಹಾಕಿಕೊಳ್ಳಬೇಡಿ.

ಸೊನ್ನೆ ಬಂತು, ಸರಿ. ಭಯ ಹೋಗಬೇಕಿತ್ತಲ್ಲ? ಹೋಗಲಿಲ್ಲ.

ಮೊದಲ ಎರಡು ತಿಂಗಳು ನನ್ನ ಬಲಗೈಯ ಎರಡು ಬೆರಳು ಎಡಗೈ ಮಣಿಕಟ್ಟಿನ ಮೇಲೇ ಇದ್ದವು. ಮೀಟಿಂಗ್‌ನಲ್ಲಿ, ಮೆಟ್ರೊದಲ್ಲಿ, ಊಟದ ತಟ್ಟೆ ಮುಂದೆ. ಆಮೇಲೆ ಇಸಿಜಿ ತೆಗೆಯುವ ವಾಚ್ ಕೊಂಡೆ. ಬೆರಳಿಟ್ಟು 30 ಸೆಕೆಂಡು ಕಾದರೆ 'ಸೈನಸ್ ರಿದಮ್' ಅಂತ ತೋರಿಸುತ್ತೆ, ಅಂದ್ರೆ ಎಲ್ಲ ಸರಿ. ಆ ಎರಡು ಪದ ಕೊಡುವ ನೆಮ್ಮದಿ ಶುರುವಿನಲ್ಲಿ ಅರ್ಧ ದಿನ ಬಾಳಿಕೆ ಬರುತ್ತಿತ್ತು. ಜೂನ್ ಹೊತ್ತಿಗೆ ಹದಿನೈದು ನಿಮಿಷಕ್ಕೆ ಇಳಿಯಿತು. ಒಂದು ಭಾನುವಾರ ಲೆಕ್ಕ ಹಾಕಿದರೆ ಬೆಳಗಿನಿಂದ ರಾತ್ರಿವರೆಗೆ 43 ಇಸಿಜಿ. ನಲವತ್ತಮೂರೂ ನಾರ್ಮಲ್.

ವಾಚ್ ಬಗ್ಗೆ ನನಗೆ ತಕರಾರಿಲ್ಲ. ಆಪಲ್ ವಾಚ್ ಇಟ್ಟುಕೊಂಡು ಅಮೆರಿಕದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ಮೇಲೆ ಒಂದು ಅಧ್ಯಯನ ನಡೆದು 2019ರಲ್ಲಿ ಪ್ರಕಟವಾಯಿತು. ಅದರಲ್ಲಿ 'ನಾಡಿ ಸರಿಯಿಲ್ಲ' ಅಂತ ಸೂಚನೆ ಬಂದವರು ಶೇ 0.52 ಮಾತ್ರ. ತಮಗೇ ಗೊತ್ತಿಲ್ಲದೆ ಎಫಿಬ್ ಇಟ್ಟುಕೊಂಡು ಓಡಾಡುವವರಿಗೆ ಅದು ನಿಜಕ್ಕೂ ಉಪಯೋಗ. ಆದರೆ ವಾಚು ಹಾರ್ಟ್ ಅಟ್ಯಾಕ್ ಕಂಡುಹಿಡಿಯಲ್ಲ ಅಂತ ಕಂಪನಿಯೇ ಹೇಳುತ್ತೆ. ಕಾಯಿಲೆ ಈಗಾಗಲೇ ಗೊತ್ತಿರುವವನ ಕೈಗೆ ಅದೇ ವಾಚು ಸಿಕ್ಕಿದರೆ ಬೇರೆಯದೇ ಕಥೆ.

ಎದೆ ಒಮ್ಮೆ 'ಡುಕ್' ಅಂದು ಒಂದು ಬಡಿತ ತಪ್ಪಿದ ಹಾಗಾಗೋದು ಆರೋಗ್ಯವಂತರಿಗೂ ಆಗುತ್ತೆ. ಒಂದು ಬಡಿತ ಸ್ವಲ್ಪ ಮುಂಚೆ ಬಂದು, ಮುಂದಿನದು ತಡವಾಗುತ್ತೆ, ಅಷ್ಟೇ. ಮೊದಲು ನನಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಈಗ ಪ್ರತಿಯೊಂದೂ ಗೊತ್ತಾಗುತ್ತೆ. ಗೊತ್ತಾದ ಕೂಡಲೇ ಗಾಬರಿ. ಗಾಬರಿಗೆ ಅಡ್ರಿನಲಿನ್, ಅದಕ್ಕೆ ಹೃದಯ ಇನ್ನಷ್ಟು ಜೋರು, ಇನ್ನೆರಡು 'ಡುಕ್'. ಸರ್ವರ್ ಸ್ವಲ್ಪ ನಿಧಾನವಾಯ್ತು ಅಂತ ಎಲ್ಲ ಕ್ಲೈಂಟ್‌ಗಳೂ ಒಟ್ಟಿಗೆ ರಿಟ್ರೈ ಮಾಡಿ ಅದನ್ನು ಪೂರ್ತಿ ಮಲಗಿಸುವ ರಿಟ್ರೈ ಸ್ಟಾರ್ಮ್ ನೋಡಿದ್ದೀರಲ್ಲ, ಅದೇ.

ಇಂಥ ಹೊತ್ತಿನಲ್ಲಿ ನಮ್ಮೂರ ಕಡೆ ಸುದ್ದಿ ಶುರುವಾಯಿತು. ನಾನು ಹಾಸನ ಜಿಲ್ಲೆಯವನು. 2025ರ ಜೂನ್, ಜುಲೈ ನಿಮಗೂ ನೆನಪಿರಬೇಕು. ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೃದಯಾಘಾತದ ಸಾವು ಅಂತ ಟಿವಿಗಳಲ್ಲಿ ದಿನಾ ಲೆಕ್ಕ ಏರುತ್ತಿತ್ತು, ಅದರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಮೈಸೂರಿನ ಮತ್ತು ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದಲೇ ಜನ ನಿಂತರು. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿಗೆ ಹೋದಾಗ ಹುಟ್ಟಿದ ಭಯ ಇನ್ನೂ ಆರಿರಲಿಲ್ಲ, ಅದರ ಮೇಲೆ ಇದು. ಸರ್ಕಾರ ಜಯದೇವದ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತು. ಸಾವುಗಳಲ್ಲಿ ಅಸಹಜವಾದ ಏರಿಕೆ ಕಾಣಲಿಲ್ಲ ಅಂತ ಸಮಿತಿ ವರದಿ ಕೊಟ್ಟಿತು. ವರದಿ ಬಂದ ದಿನ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಅದನ್ನು ಯಾರೂ ಹಾಕಲಿಲ್ಲ.

ಅಮ್ಮ ದಿನಕ್ಕೆ ಮೂರು ಸಲ ಫೋನ್ ಮಾಡೋಕೆ ಶುರುಮಾಡಿದಳು. ಅಪ್ಪನ ಫೋನ್ ಮೊದಲೆಲ್ಲ "ಊಟ ಆಯ್ತಾ?" ಅಂತ ಶುರುವಾಗ್ತಿತ್ತು. ಈಗ "ಹೆಂಗಿದೆ?" ಅಂತ. ಏನು ಹೆಂಗಿದೆ ಅಂತ ಅವರೂ ಹೇಳಲ್ಲ, ನಾನೂ ಕೇಳಲ್ಲ.

ಜುಲೈ ಕೊನೆಗೆ ನಾನು ಜಿಮ್ ಬಿಟ್ಟಿದ್ದೆ, ಆಫೀಸಿನ ಮೆಟ್ಟಿಲು ಬಿಟ್ಟಿದ್ದೆ, ಎಡಮಗ್ಗುಲಲ್ಲಿ ಮಲಗೋದು ಬಿಟ್ಟಿದ್ದೆ, ಆಸ್ಪತ್ರೆ ಇಲ್ಲದ ಕಡೆಗೆ ಟ್ರಿಪ್ ಹೋಗೋದು ಬಿಟ್ಟಿದ್ದೆ. ಏಪ್ರಿಲ್‌ನಿಂದ ಒಂದೇ ಒಂದು ಸಲವೂ ಎಫಿಬ್ ಬಂದಿರಲಿಲ್ಲ. ಕಾಯಿಲೆ ನನ್ನಿಂದ ಏನನ್ನೂ ಕಿತ್ತುಕೊಂಡಿರಲಿಲ್ಲ. ಕಿತ್ತುಕೊಂಡಿದ್ದೆಲ್ಲ ಭಯವೇ.

ನಮ್ಮ ಕಂಪನಿ ಕೆಲವು ಸೆಷನ್ ಕೌನ್ಸೆಲಿಂಗ್‌ಗೆ ದುಡ್ಡು ಕೊಡುತ್ತೆ. ಹೋದೆ. ಕೌನ್ಸೆಲರ್ ನನ್ನ ಕೆಲಸ ಏನು ಅಂತ ಕೇಳಿದರು. ತಿಂಗಳಲ್ಲಿ ಒಂದು ವಾರ ಆನ್‌ಕಾಲ್, ರಾತ್ರಿ ಏನಾದರೂ ಬಿದ್ದರೆ ಏಳಬೇಕು ಅಂದೆ. "ಆ ವಾರ ರಾತ್ರಿಯಿಡೀ ಡ್ಯಾಶ್‌ಬೋರ್ಡ್ ನೋಡ್ತಾ ಕೂರ್ತೀರಾ?" ಇಲ್ಲ, ಮಲಗ್ತೀನಿ. ಅಲರ್ಟ್ ಬಂದ್ರೆ ಫೋನ್ ಬಡಿಯುತ್ತೆ. "ಅಲರ್ಟ್ ಬರುತ್ತೆ ಅಂತ ಹೇಗೆ ನಂಬ್ತೀರಾ?" ಥ್ರೆಶೋಲ್ಡ್ ಇಟ್ಟಿರ್ತೀವಿ. ಬಂದಾಗ ಏನು ಮಾಡಬೇಕು ಅಂತ ರನ್‌ಬುಕ್ ಇರುತ್ತೆ. ಅರ್ಧ ನಿದ್ದೆಯಲ್ಲಿ ಯೋಚನೆ ಮಾಡೋಕಾಗಲ್ಲ ಅಂತ ಹಗಲಲ್ಲೇ ಬರೆದಿಟ್ಟಿರ್ತೀವಿ. ಅವರು ಏನೂ ಹೇಳದೆ ನನ್ನ ವಾಚ್ ನೋಡಿದರು.

ನನಗೆ ಬೇಕಿದ್ದದ್ದು ಧೈರ್ಯ ಅಲ್ಲ, ರನ್‌ಬುಕ್. 'ಏನಾಗಲ್ಲ ಬಿಡಿ' ಅಂತ ಎಷ್ಟು ಜನ ಹೇಳಿದರೂ ನಿದ್ದೆ ಬಂದಿರಲಿಲ್ಲ, ಯಾಕಂದ್ರೆ ಏನಾದ್ರೂ ಆಗಬಹುದು ಅನ್ನೋದು ನಿಜ. ಆದಾಗ ಏನು ಮಾಡಬೇಕು ಅಂತ ಯಾರೂ ಹೇಳಿರಲಿಲ್ಲ. ಮುಂದಿನ ಭೇಟಿಗೆ ಪ್ರಶ್ನೆಗಳನ್ನು ಬರೆದುಕೊಂಡು ಹೋದೆ. ಎಷ್ಟು ಹೊತ್ತು ಕಾಯಬೇಕು? ಯಾವುದಕ್ಕೆ ಕಾಯಲೇಬಾರದು? ಯಾವ ಮಾತ್ರೆ, ಎಷ್ಟು? ಒಬ್ಬನೇ ಇದ್ದರೆ? ಡಾಕ್ಟರ್ ನಕ್ಕು, ಪ್ರಿಸ್ಕ್ರಿಪ್ಷನ್ ಹಿಂದುಗಡೆ ಬರೆದುಕೊಟ್ಟರು. ಎದೆನೋವು, ಉಸಿರು ಕಟ್ಟುವುದು, ತಲೆಸುತ್ತಿ ಬೀಳುವುದು ಇದ್ದರೆ ನಾಡಿ ಎಣಿಸದೆ ತಕ್ಷಣ ಆಸ್ಪತ್ರೆ. ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಒಂದು ನಿಮಿಷವೂ ಕಾಯದೆ ಹೊರಡಬೇಕು. ಲಕ್ವಕ್ಕೆ ಗರಣೆ ಕರಗಿಸುವ ಇಂಜೆಕ್ಷನ್ ಕೊಡೋಕೆ ಸಿಗುವುದು ನಾಲ್ಕೂವರೆ ಗಂಟೆ. ಇವು ಯಾವುದೂ ಇಲ್ಲದೆ ಬರೀ ತಾಳ ತಪ್ಪಿದ್ದರೆ, ಕೂತುಕೊಳ್ಳಬೇಕು, ಶುರುವಾದ ಸಮಯ ಬರೆದಿಡಬೇಕು (ಎಷ್ಟು ಹೊತ್ತಿನಿಂದ ಅನ್ನೋದರ ಮೇಲೆ ಚಿಕಿತ್ಸೆ ನಿಂತಿರುತ್ತೆ), ಹೇಳಿದ ಮಾತ್ರೆ ತೆಗೆದುಕೊಳ್ಳಬೇಕು. ಹೇಳಿದಷ್ಟು ಗಂಟೆಯಲ್ಲಿ ನಿಲ್ಲದಿದ್ದರೆ ಆಸ್ಪತ್ರೆ. ಆ ಮಾತ್ರೆಯನ್ನೂ ಮೊದಲ ಸಲ ಆಸ್ಪತ್ರೆಯಲ್ಲೇ ನುಂಗಿಸಿ, ಮಾನಿಟರ್ ಹಾಕಿ ನೋಡಿ, ಆಮೇಲೆಯೇ ಜೇಬಿನಲ್ಲಿಟ್ಟುಕೊಳ್ಳೋಕೆ ಕೊಟ್ಟರು. ಗಂಟೆ ಮತ್ತು ಮಾತ್ರೆಯ ಹೆಸರು ನಾನು ಬೇಕಂತಲೇ ಬರೀತಿಲ್ಲ. ಅದು ನನಗೆ ಬರೆದದ್ದು. ನಿಮಗೆ ಎಫಿಬ್ ಇದ್ದರೆ ನಿಮ್ಮ ಡಾಕ್ಟರ್ ಹತ್ತಿರ ನಿಮ್ಮದನ್ನು ಕೇಳಿ ಬರೆಸಿಕೊಳ್ಳಿ. ಕೇಳಿದರೆ ಬರೆದುಕೊಡ್ತಾರೆ. ನಾವು ಕೇಳಲ್ಲ, ಹೊರಗೆ ಅರವತ್ತು ಜನ ಕಾಯ್ತಿದಾರೆ ಅಂತ ನಾವೇ ಎದ್ದು ಬರ್ತೀವಿ.

ವಾಚಿಗೂ ಥ್ರೆಶೋಲ್ಡ್ ಇಟ್ಟೆ. ಅದು ತಾನಾಗಿ ಕೊಡುವ ಸೂಚನೆ ಇರಲಿ. ನಾನಾಗಿ ಇಸಿಜಿ ತೆಗೆಯೋದು ಒದ್ದಾಟ ಐದು ನಿಮಿಷ ದಾಟಿದರೆ ಮಾತ್ರ. ಮೊದಲ ವಾರ ಎಷ್ಟು ಕಷ್ಟ ಆಯ್ತು ಅಂದ್ರೆ ವಾಚನ್ನು ರೂಮ್‌ಮೇಟ್ ಬೀರುವಿನಲ್ಲಿ ಇಡಿಸಿದೆ. ಭಯಕ್ಕೂ ಒಂದು ಸಮಯ ಕೊಡಿ ಅಂದಿದ್ದರು ಕೌನ್ಸೆಲರ್. ಹಾಗಾಗಿ ಸಂಜೆ ಆರೂವರೆಯಿಂದ ಏಳು, ಅಗರ ಕೆರೆ ದಂಡೆ. ಆ ಅರ್ಧ ಗಂಟೆ ಎಷ್ಟು ಬೇಕಾದರೂ ಹೆದರಬಹುದು: ಲಕ್ವ, ಮಂಚ, ಅಮ್ಮ, ಕೆಲಸ ಎಲ್ಲ. ಹಗಲಲ್ಲಿ ಬಂದ ಭಯಕ್ಕೆ 'ಆರೂವರೆಗೆ ಬಾ' ಅನ್ನೋದು. ಕೇಳೋಕೆ ತಮಾಷೆ ಅನ್ಸುತ್ತೆ. ಆದರೆ ಆರೂವರೆಗೆ ಕರೆದರೆ ಅರ್ಧ ಭಯಗಳು ಬರೋದೇ ಇಲ್ಲ. ಹೆದರೋಕೆ ಕೂತು ಮನುಷ್ಯನಿಗೆ ಹತ್ತು ನಿಮಿಷಕ್ಕೇ ಬೇಜಾರಾಗುತ್ತೆ ಅನ್ನೋದು ನನಗೆ ಗೊತ್ತಿರಲಿಲ್ಲ.

ಮೆಟ್ಟಿಲೂ ಅವರದೇ ಹೋಮ್‌ವರ್ಕ್. ಡಾಕ್ಟರ್ ಒಪ್ಪಿದ ಮೇಲೆ ಮೊದಲ ವಾರ ಒಂದು ಮಹಡಿ, ಆಮೇಲೆ ಎರಡು. ನಾಲ್ಕನೇ ಮಹಡಿ ಹತ್ತಿದ ದಿನ ಎದೆ ಚಂಡೆ ಬಾರಿಸುತ್ತಿತ್ತು. ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೇಳಿದೆ. ಜೋರಿತ್ತು, ವೇಗವಿತ್ತು, ತಾಳ ಮಾತ್ರ ಅಚ್ಚುಕಟ್ಟಾಗಿತ್ತು. ವೇಗ ಬೇರೆ, ತಾಳ ತಪ್ಪೋದು ಬೇರೆ ಅಂತ ಓದಿ ತಿಳಿದದ್ದು ಮೈಗೆ ತಿಳಿದದ್ದು ಆ ನಾಲ್ಕನೇ ಮಹಡಿಯಲ್ಲಿ.

ಕೌನ್ಸೆಲಿಂಗ್‌ಗೆ ದುಡ್ಡು ಕೊಡುವ ಕಂಪನಿ ಎಲ್ಲರಿಗೂ ಇರಲ್ಲ. ಕೇಂದ್ರ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ, 24 ಗಂಟೆಯೂ ಇರುತ್ತೆ. ನಾನೂ ಒಂದು ರಾತ್ರಿ ಮಾಡಿದ್ದೇನೆ.

ಎಫಿಬ್ ಮತ್ತೆ ಬಂದದ್ದು ಅಕ್ಟೋಬರ್‌ನಲ್ಲಿ. ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ, ದೀಪಾವಳಿ ಸಮಯದಲ್ಲಿ ಕೆಲವೇ ದಿನ ತೆಗೆಯೋದು. ಅಮ್ಮ ಏಪ್ರಿಲ್‌ನಲ್ಲೇ ಹರಕೆ ಹೊತ್ತಿದ್ದಳು. ಹೋದೆವು. ಗಂಟೆಗಟ್ಟಲೆ ಸಾಲಿನಲ್ಲಿ ನಿಂತು, ದರ್ಶನ ಮಾಡಿ, ಊರಿಗೆ ಬಂದು ಮಲಗಿದರೆ ರಾತ್ರಿ 11:40ಕ್ಕೆ ಗೋಣಿಚೀಲದ ಕೋಳಿ. ನಮ್ಮೂರಿಂದ ಇಸಿಜಿ ಇರುವ ಆಸ್ಪತ್ರೆಗೆ ನಲವತ್ತು ನಿಮಿಷ. ನಾನು ಆರು ತಿಂಗಳು ಹೆದರಿದ್ದು ಇದಕ್ಕೇ, ಹೀಗೇ, ಇಂಥ ಜಾಗದಲ್ಲೇ.

ಹೆದರಿಕೆ ಆಗಲಿಲ್ಲ ಅಂತ ಹೇಳಲ್ಲ. ಕೈ ನಡುಗುತ್ತಿತ್ತು. ಆದರೆ ನಡುಗುವ ಕೈಗೆ ಮಾಡೋಕೆ ಕೆಲಸ ಇತ್ತು. ಎದ್ದು ಕೂತೆ. ಎದೆನೋವಿಲ್ಲ, ಉಸಿರು ಸರಿಯಿದೆ. ಫೋನ್ ಕ್ಯಾಮೆರಾದಲ್ಲಿ ನೋಡಿಕೊಂಡು ನಕ್ಕೆ, ಬಾಯಿ ನೆಟ್ಟಗಿತ್ತು. ಎರಡೂ ಕೈ ಎತ್ತಿದೆ. ಸಮಯ ಬರೆದೆ, ಮಾತ್ರೆ ನುಂಗಿದೆ. ಅಪ್ಪ ಕಾರಿನ ಕೀ ತಂದು ಮೇಜಿನ ಮೇಲಿಟ್ಟು ಬಾಗಿಲ ಹತ್ತಿರ ಕೂತರು. ಅಮ್ಮ ಬಂದು ನನ್ನ ಮಣಿಕಟ್ಟು ಹಿಡಿದಳು, ಬಿಡಲಿಲ್ಲ. "ಇದೇನೋ ಹಿಂಗೆ, ಕುಂಟೋ ಹಸು ನಡೆದಂಗೆ ನಡೀತದೆ," ಅಂದಳು. ಆರು ತಿಂಗಳು ಟಿವಿ ನೋಡಿ ಅತ್ತವಳು ಆವತ್ತು ಅಳಲಿಲ್ಲ. ಕೈಗೆ ಸಿಕ್ಕಿದ ಮೇಲೆ ಅವಳಿಗೂ ಅದರ ಭಯ ಸ್ವಲ್ಪ ಇಳಿಯಿತೇನೋ. ಬೆಳಗಿನ ಜಾವ 3:20ಕ್ಕೆ, ನನಗಿಂತ ಮೊದಲು ಅವಳೇ ಹೇಳಿದಳು, "ಸರಿಯಾಯ್ತು ನೋಡು." ಮೂರು ಗಂಟೆ ನಲವತ್ತು ನಿಮಿಷ. ಅಪ್ಪ ಎದ್ದು ಕೀ ತೆಗೆದುಕೊಂಡು ಒಳಗೆ ಹೋದರು.

ಹರಕೆ ಫಲಿಸಲಿಲ್ಲವಾ ಅಂತ ಚಿಕ್ಕಪ್ಪ ಕೇಳಿದ್ದಕ್ಕೆ ಅಮ್ಮ ಕೊಟ್ಟ ಉತ್ತರ: "ಊರಲ್ಲಿ, ನನ್ನ ಕಣ್ಮುಂದೆ ಬಂತಲ್ಲ, ಅದೇ ಫಲ." ವಾದ ಮಾಡೋಕೆ ಏನೂ ಉಳಿದಿರಲಿಲ್ಲ.

ಕಾಫಿ ಬಗ್ಗೆ ಎಲ್ಲರೂ ಕೇಳ್ತಾರೆ, ಅದೊಂದು ಹೇಳಿಬಿಡ್ತೀನಿ. ಹಾಸನದವನಿಗೆ ಕಾಫಿ ಬಿಡು ಅನ್ನೋದು ದೊಡ್ಡ ಮಾತು, ಬಿಟ್ಟಿದ್ದೆ ಕೂಡ. 2025ರ ನವೆಂಬರ್‌ನಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 200 ಎಫಿಬ್ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ ಒಂದು ಕಪ್ಪಾದರೂ ಕಾಫಿ ಕುಡೀರಿ ಅಂದರು, ಇನ್ನೊಂದಕ್ಕೆ ಬಿಡಿ ಅಂದರು. ಆರು ತಿಂಗಳಲ್ಲಿ ಎಫಿಬ್ ಮರಳಿ ಬಂದದ್ದು ಕುಡಿದವರಲ್ಲಿ ಶೇ 47, ಬಿಟ್ಟವರಲ್ಲಿ ಶೇ 64. ಡಾಕ್ಟರನ್ನು ಕೇಳಿದೆ, ಒಂದು ಲೋಟ ಕುಡಿ ಅಂದರು. ಆ ಬೆಳಗಿನ ಲೋಟದ ಬಗ್ಗೆ ಬೇರೆಯೇ ಕಂತು ಬರೆಯಬಹುದು. ಮದ್ಯಕ್ಕೆ ಮಾತ್ರ ಇಂಥ ಅದೃಷ್ಟ ಇಲ್ಲ. ಬಿಟ್ಟವರಲ್ಲಿ ಎಫಿಬ್ ಮರಳೋದು ಕಡಿಮೆ ಅಂತ ಆಸ್ಟ್ರೇಲಿಯಾದ ಪ್ರಯೋಗವೊಂದು 2020ರಲ್ಲೇ ತೋರಿಸಿದೆ. ತೂಕ, ಗೊರಕೆ, ಬಿಪಿ ಈ ಮೂರನ್ನೂ ನೋಡಿಕೊಳ್ಳಿ ಅಂದಿದ್ದಾರೆ. ನಾನು ಆರು ಕೆಜಿ ಇಳಿದಿದ್ದೇನೆ. ಇನ್ಶೂರೆನ್ಸ್ ಬಗ್ಗೆ ಒಂದೇ ಮಾತು: ಹೊಸ ಪಾಲಿಸಿಯಲ್ಲಿ ಮೊದಲೇ ಇದ್ದ ಕಾಯಿಲೆಗೆ ಕಾಯಿಸುವ ಅವಧಿ 2024ರ ನಿಯಮದ ಪ್ರಕಾರ ಹೆಚ್ಚೆಂದರೆ 36 ತಿಂಗಳು. ಕಂಪನಿ ಪಾಲಿಸಿ ಇದೆ ಅಂತ ಸ್ವಂತದ್ದನ್ನು ಮುಂದೂಡುತ್ತಿರುವ ಆರೋಗ್ಯವಂತರು ಈ ವಾರವೇ ಮಾಡಿಸಿ.

ಅಬ್ಲೇಷನ್ ಅಂತ ಒಂದು ದಾರಿಯೂ ಇದೆ. ಎಫಿಬ್ ಕೆರಳಿಸುವ ಕಿಡಿಗಳು ಬಹುಪಾಲು ಶ್ವಾಸಕೋಶದಿಂದ ರಕ್ತ ತರುವ ರಕ್ತನಾಳಗಳ ಬಾಯಲ್ಲೇ ಹುಟ್ಟುತ್ತವೆ ಅಂತ ಫ್ರಾನ್ಸಿನ ಬೋರ್ಡೋದ ವೈದ್ಯರು 1998ರಲ್ಲಿ ತೋರಿಸಿದರು. ತೊಡೆಯ ರಕ್ತನಾಳದಿಂದ ತೂರಿಸಿದ ತಂತಿಯಲ್ಲಿ ಅಲ್ಲಿಗೆ ಹೋಗಿ, ಆ ಬಾಯಿಗಳ ಸುತ್ತ ಸುಟ್ಟು ಅಥವಾ ಹೆಪ್ಪುಗಟ್ಟಿಸಿ ಬೇಲಿ ಹಾಕ್ತಾರೆ. ಮತ್ತೆ ಬರಲ್ಲ ಅನ್ನೋ ಗ್ಯಾರಂಟಿ ಅದಕ್ಕೂ ಇಲ್ಲ. ಜೂನ್‌ವರೆಗೆ ನೋಡೋಣ ಅಂದಿದ್ದಾರೆ ಡಾಕ್ಟರ್. ಏಪ್ರಿಲ್‌ನ ನಾನಾಗಿದ್ದರೆ ಆ 'ನೋಡೋಣ' ಕೇಳಿ ಒಂದು ವಾರ ನಿದ್ದೆ ಮಾಡುತ್ತಿರಲಿಲ್ಲ. ಈಗ ಕ್ಯಾಲೆಂಡರಿಗೆ ಹಾಕಿ ಇಟ್ಟಿದ್ದೇನೆ.

ಈಗ ಮನೆಯಲ್ಲಿ ನಡೆಯುತ್ತಿರೋದು ಬೇರೆ ವಿಷಯ. ನನಗೆ ಹುಡುಗಿ ನೋಡ್ತಿದಾರೆ. ಡಿಸೆಂಬರ್‌ನಲ್ಲಿ ಒಂದು ಸಂಬಂಧ ಎರಡೂ ಕಡೆ ಇಷ್ಟವಾಯಿತು. ಹೇಳಬೇಕು ಅಂತ ನಾನು, ಬೇಡ ಅಂತ ಅಮ್ಮ. "ಬಿಪಿ ಇರೋರು ಯಾರಾದ್ರೂ ಹೇಳ್ಕೊಂಡು ಮದುವೆ ಆಗ್ತಾರೇನೋ?" ಅನ್ನೋದು ಅವಳ ಪ್ರಶ್ನೆ. ಅದಕ್ಕೆ ನನ್ನ ಹತ್ತಿರ ಒಳ್ಳೆ ಉತ್ತರ ಇಲ್ಲ, ನಮ್ಮ ಕಡೆ ಯಾರೂ ಹೇಳೋದಿಲ್ಲ ಅನ್ನೋದು ನಿಜ. ಆದರೆ ರಾತ್ರಿ ಎರಡೂವರೆಗೆ ಪಕ್ಕದಲ್ಲಿ ಎಚ್ಚರವಾಗುವವಳಿಗೆ ಗೊತ್ತಿಲ್ಲದ ರನ್‌ಬುಕ್ ಯಾವ ಉಪಯೋಗಕ್ಕೆ? ಜಯನಗರದ ಒಂದು ಹೋಟೆಲಿನಲ್ಲಿ ಎರಡನೇ ಭೇಟಿಗೆ ಅವಳಿಗೆ ಎಲ್ಲ ಹೇಳಿದೆ. ಐದು ಪಟ್ಟು, ಸೊನ್ನೆ, ಜೂನ್, ಎಲ್ಲ. ಅವಳು ಕೇಳಿದ್ದು ಎರಡೇ ಪ್ರಶ್ನೆ. ಒಂದು, "ಮಕ್ಕಳಿಗೆ ಬರುತ್ತಾ?" ವಂಶದಲ್ಲಿ ಇದ್ದರೆ ಸಾಧ್ಯತೆ ಸ್ವಲ್ಪ ಹೆಚ್ಚು ಅಂತ ಡಾಕ್ಟರ್ ಹೇಳಿದ್ದನ್ನು ಹಾಗೇ ಹೇಳಿದೆ. ಇನ್ನೊಂದು, "ಬಂದಾಗ ನಾನು ಏನ್ ಮಾಡ್ಬೇಕು?" ಪ್ರಿಸ್ಕ್ರಿಪ್ಷನ್ ಹಿಂದುಗಡೆಯ ಫೋಟೊ ಕಳಿಸಿದೆ. ಡಾಕ್ಟರ್ ಕೈಬರಹದ ಎರಡು ಪದ ಅರ್ಥವಾಗಲಿಲ್ಲ ಅಂತ ಸಂಜೆ ಮೆಸೇಜ್ ಮಾಡಿದಳು, ಬಿಡಿಸಿ ಹೇಳಿದೆ.

ಮನೆಯಲ್ಲಿ ಮಾತಾಡಿ ಹೇಳ್ತೀವಿ ಅಂದಿದ್ದಾರೆ ಅವಳ ತಂದೆ. ಮೂರು ವಾರವಾಯಿತು. ಅಮ್ಮ ದಿನಾ ಕೇಳ್ತಾಳೆ, ಫೋನ್ ಬಂತಾ ಅಂತ. ಆರೂವರೆಯ ಪಟ್ಟಿಗೆ ಅದನ್ನೂ ಸೇರಿಸಿದ್ದೇನೆ.